ಡೆಟ್ರಾಯಿಟ್‌ನ ನೆಲಮಾಳಿಗೆಯಿಂದ ಬಂದ ಲಯ

1994. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ರಾತ್ರಿಯ ಹಿಪ್ ಹಾಪ್ ಕಾರ್ಯಕ್ರಮ. ಫಿಲಡೆಲ್ಫಿಯಾದ ದಿ ರೂಟ್ಸ್ ತಂಡ ಮೊದಲು ನುಡಿಸಿ ವೇದಿಕೆಯಿಂದ ಇಳಿದಿತ್ತು. ಜನ ಕಾದಿದ್ದು ಲಾಸ್ ಏಂಜಲೀಸ್‌ನ ದಿ ಫಾರ್ಸೈಡ್ ತಂಡಕ್ಕೆ. ಅವರ ಸರದಿ ಆಗತಾನೆ ಶುರುವಾಗಿತ್ತು. ರೂಟ್ಸ್‌ನ ಡ್ರಮ್ಮರ್ ಅಮೀರ್ ಥಾಂಪ್ಸನ್‌ಗೆ, ಅಂದರೆ ಕ್ವೆಸ್ಟ್‌ಲವ್ ಎಂದೇ ಎಲ್ಲರೂ ಕರೆಯುವ ಇಪ್ಪತ್ಮೂರರ ಹುಡುಗನಿಗೆ, ಒಂದು ರೇಡಿಯೊ ಸಂದರ್ಶನಕ್ಕೆ ಹೋಗುವುದಿತ್ತು. ಹೊರಗೆ ಬಂದವನಿಗೆ ಒಳಗಿನಿಂದ ಕಿಕ್ ಡ್ರಮ್ಮಿನ ಸದ್ದು ಕೇಳಿಸಿತು. ಗೋಡೆ ದಾಟಿ ಬರುವುದು ಯಾವಾಗಲೂ ಆ ತಗ್ಗು ದನಿಯೇ. ಆದರೆ ಆ ಕಿಕ್ ಬೀಳಬೇಕಾದ ಜಾಗದಲ್ಲಿ ಬೀಳುತ್ತಿರಲಿಲ್ಲ. ಒಮ್ಮೆ ಅವಸರ, ಒಮ್ಮೆ ಆಲಸ್ಯ. ಅಮಲೇರಿದ ಮೂರು ವರ್ಷದ ಮಗು ನುಡಿಸಿದ ಹಾಗಿತ್ತು ಎಂದು ಆತ ಆಮೇಲೆ ಹಲವು ಸಲ ಹೇಳಿಕೊಂಡಿದ್ದಾನೆ. ಆತ ಒಳಕ್ಕೆ ವಾಪಸ್ ಬಂದ. ಈ ಬೀಟ್ ಕಟ್ಟಿದವರು ಯಾರು ಎಂದು ವಿಚಾರಿಸಿದ. ಡೆಟ್ರಾಯಿಟ್‌ನ ಜೇ ಡೀ ಎಂಬ ಹುಡುಗ ಎಂದು ತಿಳಿಯಿತು.

ಆ ಹಾಡಿನ್ನೂ ಬಿಡುಗಡೆಯಾಗಿರಲಿಲ್ಲ. ಅದಿದ್ದ 'ಲ್ಯಾಬ್‌ಕ್ಯಾಬಿನ್‌ಕ್ಯಾಲಿಫೋರ್ನಿಯಾ' ಆಲ್ಬಮ್ ಅಂಗಡಿಗೆ ಬಂದದ್ದು 1995ರ ಕೊನೆಗೆ. ಇದು ಒಬ್ಬ ಡ್ರಮ್ಮರ್‌ನ ಬೆರಗಿನಲ್ಲೇ ಮುಗಿದುಹೋಗಬಹುದಾದ ಪ್ರಸಂಗ. ಹಾಗೆ ಮುಗಿಯಲಿಲ್ಲ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ನ್ಯೂಯಾರ್ಕ್, ಹ್ಯೂಸ್ಟನ್, ಮೆಲ್ಬರ್ನ್‌ಗಳ ವಾದಕರು ಕೈಕಾಲು ಆಡಿಸುವ ರೀತಿಯೇ ಆ ಕಿಕ್‌ನಿಂದಾಗಿ ಬದಲಾಯಿತು. ಒಂದು ವಾದ್ಯವೃಂದದ ಮೇಲೆ ಹಿಪ್ ಹಾಪ್ ಬೀಟ್‌ಗಾರನ ಪ್ರಭಾವ ಎಂದರೆ ಸಾಮಾನ್ಯವಾಗಿ ನಾವು ಎಣಿಸುವುದು ಏನನ್ನು? ಯಾವ ಹಳೆಯ ರೆಕಾರ್ಡಿನ ತುಣುಕು ಬಂತು, ಯಾವ ರ‍್ಯಾಪರ್ ಬಂದು ಎರಡು ಸಾಲು ಹೇಳಿಹೋದ ಎನ್ನುವುದನ್ನು. ಜೇ ಡೀ ಬದಲಿಸಿದ್ದು ಸಾಹಿತ್ಯವನ್ನಲ್ಲ, ರಾಗವನ್ನೂ ಅಲ್ಲ. ಅವನು ಮುಟ್ಟಿದ್ದು ಕಾಲವನ್ನು. ಅದಕ್ಕಿಂತ ಆಳದ ಪ್ರಭಾವವನ್ನು ನಾನು ಈ ಐವತ್ತು ವರ್ಷಗಳ ಜನಪ್ರಿಯ ಸಂಗೀತದಲ್ಲಿ ಕಂಡಿಲ್ಲ.

ಇದು ಕ್ವೆಸ್ಟ್‌ಲವ್‌ಗೇ ಯಾಕೆ ಅಷ್ಟು ತಾಗಿತು ಎಂದು ತಿಳಿಯಬೇಕಾದರೆ ಅವನ ತಂಡ ಆಗ ಯಾವ ಇಕ್ಕಟ್ಟಿನಲ್ಲಿತ್ತು ಎಂಬುದನ್ನು ನೋಡಬೇಕು. ಅವನ ತಂದೆ ಲೀ ಆಂಡ್ರ್ಯೂಸ್ 1950ರ ದಶಕದ ಹೆಸರಾಂತ ಡೂ-ವಾಪ್ ಗಾಯಕ. ಹುಡುಗ ಬೆಳೆದದ್ದೇ ತಂದೆಯ ಕಾರ್ಯಕ್ರಮಗಳ ತೆರೆಮರೆಯಲ್ಲಿ. ಹದಿಹರೆಯಕ್ಕೆ ಬರುವ ಹೊತ್ತಿಗೆ ತಂದೆಯ ತಂಡಕ್ಕೇ ಡ್ರಮ್ಸ್ ನುಡಿಸುತ್ತಿದ್ದ. ಫಿಲಡೆಲ್ಫಿಯಾದ ಕಲಾ ಪ್ರೌಢಶಾಲೆಯಲ್ಲಿ ತಾರಿಕ್ ಟ್ರಾಟರ್ ಪರಿಚಯವಾದ. ಮುಂದೆ ಬ್ಲ್ಯಾಕ್ ಥಾಟ್ ಎಂದು ಹೆಸರಾದ ರ‍್ಯಾಪರ್ ಅವನು. ಇಬ್ಬರೂ ಸೇರಿ ಸೌತ್ ಸ್ಟ್ರೀಟಿನ ಪಾದಚಾರಿ ಹಾದಿಯಲ್ಲಿ ನಿಂತು, ಒಬ್ಬ ಬಡಿಯುತ್ತ ಒಬ್ಬ ಹೇಳುತ್ತ, ಹೋಗಿಬರುವವರು ಹಾಕಿದ ಹಣ ಕೂಡಿಸಿಕೊಳ್ಳುತ್ತಿದ್ದರು. ರೂಟ್ಸ್ ಬೆಳೆದದ್ದು ಅಲ್ಲಿಂದ.

ಆದರೆ ವಾದ್ಯ ನುಡಿಸುವ ಹಿಪ್ ಹಾಪ್ ತಂಡ ಎಂದರೆ ಆ ಕಾಲದಲ್ಲಿ ಜನರಿಗೆ ಗುಮಾನಿ. 1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಬಂದಾಗ ಅದರ ಹಿಂದೆ ಇದ್ದದ್ದು ನುಡಿಸುವ ಕೈಗಳೇ. ಷಿಕ್ ತಂಡದ 'ಗುಡ್ ಟೈಮ್ಸ್' ಹಾಡನ್ನು ವಾದಕರು ಸ್ಟುಡಿಯೊದಲ್ಲಿ ಹೊಸದಾಗಿ ನುಡಿಸಿಕೊಟ್ಟಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಡ್ರಮ್ ಮಷೀನ್ ಬಂತು, ವಾದಕರು ಹೊರಗಾದರು. ಆಮೇಲೆ ಸ್ಯಾಂಪ್ಲರ್ ಬಂತು. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ 1970ರ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ನುಡಿಸಿದ ಕೆಲವೇ ಆವರ್ತನಗಳನ್ನು ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ತಿರುಗಿಸಿ, ಅದರ ಮೇಲೆ ಲೆಕ್ಕವಿಲ್ಲದಷ್ಟು ರ‍್ಯಾಪ್ ಹಾಡುಗಳು ಹುಟ್ಟಿದವು. ಹತ್ತು ವರ್ಷ ಲೂಪ್ ಕೇಳಿದ ಕಿವಿಗೆ ಲೂಪ್‌ನ ಸ್ವಭಾವವೇ ರುಚಿಯಾಯಿತು. ಪ್ರತಿ ಸುತ್ತೂ ಹಿಂದಿನದರಂತೆಯೇ ಇರಬೇಕು, ದನಿಯಲ್ಲಿ ಹಳೆಯ ರೆಕಾರ್ಡಿನ ಧೂಳಿರಬೇಕು. ಒಬ್ಬ ಡ್ರಮ್ಮರ್ ಎದುರಿಗೆ ಕೂತು ನುಡಿಸಿದರೆ, ಎಷ್ಟೇ ಚೆನ್ನಾಗಿ ನುಡಿಸಿದರೂ, ಇದು ಹಿಪ್ ಹಾಪ್ ಅಲ್ಲ, ಯಾವುದೋ ಜಾಝ್ ಕ್ಲಬ್ಬಿನ ತಂಡ ಎನ್ನುವ ಮಾತು.

ಇದಕ್ಕೆ ಕ್ವೆಸ್ಟ್‌ಲವ್ ಕಂಡುಕೊಂಡ ಉತ್ತರ ತಾನೇ ಯಂತ್ರವಾಗುವುದು. ಸ್ನೇರ್ ಡ್ರಮ್ಮಿನ ಝೇಂಕಾರವನ್ನು ಅದುಮಿ ಒಣ ಪಟ್ಟಾಗಿಸಿದ. ತನಿಯಾಗಿ ಒಂದು ಉರುಳಿಕೆ ಹಾಕುವ ಚಪಲವನ್ನು ತಡೆದುಕೊಂಡ. ನಾಲ್ಕು ನಿಮಿಷ ಒಂದೇ ಪಾಠಾಕ್ಷರವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ನುಡಿಸುವ ಸಾಧನೆ ಮಾಡಿದ. 1995ರ ಜನವರಿಯಲ್ಲಿ ಬಂದ 'ಡು ಯು ವಾಂಟ್ ಮೋರ್' ಕೇಳಿ ನೋಡಿ, ಆ ಬಿಗಿ ಸ್ಪಷ್ಟವಾಗಿ ಸಿಗುತ್ತದೆ. ಮನುಷ್ಯನ ಕೈ ಯಂತ್ರದಷ್ಟು ನಿಖರ ಎಂದು ಸಾಬೀತು ಮಾಡುವ ಹಟದಲ್ಲಿ ಹುಟ್ಟಿದ ಸಂಗೀತ ಅದು. ಆ ಹಟದಲ್ಲಿ ವರ್ಷಗಟ್ಟಲೆ ದುಡಿದವನ ಕಿವಿಗೆ, ಯಂತ್ರದಲ್ಲೇ ಕಟ್ಟಿದ ಒಂದು ಬೀಟ್ ಎಡವುತ್ತ ತೊಡರುತ್ತ ನಡೆಯುವುದು ಕೇಳಿಸಿದ್ದು ಆ ರಾತ್ರಿ.

ಯಂತ್ರದ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ರೋಜರ್ ಲಿನ್ ಎಂಬ ಅಮೆರಿಕದ ಗಿಟಾರ್ ವಾದಕ ಮತ್ತು ತಂತ್ರಜ್ಞ 1980ರಲ್ಲಿ ಎಲ್‌ಎಂ-1 ಎಂಬ ಡ್ರಮ್ ಮಷೀನ್ ತಂದ. ನಿಜವಾದ ಡ್ರಮ್ಮಿನ ದನಿಗಳನ್ನೇ ಒಳಗಿಟ್ಟುಕೊಂಡ ಪೆಟ್ಟಿಗೆ ಅದು. ಅದರಲ್ಲಿ ಎರಡು ಸೌಲಭ್ಯಗಳಿದ್ದವು. ಒಂದು, ನೀವು ಬೆರಳಿನಿಂದ ಒತ್ತಿದ ಪೆಟ್ಟು ಸ್ವಲ್ಪ ಆಚೀಚೆಯಾದರೆ ಅದನ್ನು ಹತ್ತಿರದ ಸರಿಯಾದ ಗೆರೆಗೆ ಎಳೆದು ಕೂರಿಸುವುದು, ಇದೇ ಕ್ವಾಂಟೈಸ್. ಇನ್ನೊಂದು ಸ್ವಿಂಗ್: ಜೋಡಿ ಪೆಟ್ಟುಗಳಲ್ಲಿ ಎರಡನೆಯದನ್ನು ಸ್ವಲ್ಪ ತಡಮಾಡಿ, ನಡಿಗೆಗೆ ಒಂದು ತೂಗಾಟ ಕೊಡುವುದು. ಅದನ್ನು ಶೇಕಡಾವಾರು ಹೆಚ್ಚಿಸಿಕೊಳ್ಳಬಹುದು. 50 ಎಂದರೆ ಸಮ. 66 ಎಂದರೆ ಪೂರ್ತಿ ಮೂರರ ಪಾಲು. ಇವೆರಡೂ ಮುಂದೆ ಲಿನ್ ಜಪಾನಿನ ಅಕಾಯ್ ಕಂಪನಿಗಾಗಿ ರೂಪಿಸಿದ ಎಂಪಿಸಿ-60 ಯಂತ್ರಕ್ಕೂ (1988), ಅದರ ಮುಂದಿನ ಎಂಪಿಸಿ-3000ಕ್ಕೂ (1994) ಬಂದವು. ಹದಿನಾರು ರಬ್ಬರ್ ಗುಂಡಿಗಳ ಈ ಪೆಟ್ಟಿಗೆ ಒಂದು ತಾಳದ ಪೆಟ್ಟನ್ನು 96 ಭಾಗಗಳಾಗಿ ಸೀಳುತ್ತದೆ. ನಿಮಿಷಕ್ಕೆ 90 ಪೆಟ್ಟಿನ ನಡೆಯಲ್ಲಿ ಒಂದೊಂದು ಭಾಗ ಸುಮಾರು 7 ಮಿಲಿಸೆಕೆಂಡ್. ಈ ಲೇಖನದ ನಾಟಕವೆಲ್ಲ ಅಂಥ ಎರಡು ಮೂರು ಭಾಗಗಳ ಅಂತರದಲ್ಲಿ ನಡೆಯುವಂಥದ್ದು.

ಡೆಟ್ರಾಯಿಟ್. ಮೋಟೌನ್ ಕಂಪನಿ 1972ರಲ್ಲಿ ಲಾಸ್ ಏಂಜಲೀಸ್‌ಗೆ ಗುಳೆ ಹೋದ ಮೇಲೆ ಅದರ ವಾದಕರನ್ನು ಅಲ್ಲೇ ಬಿಟ್ಟುಹೋಗಿತ್ತು. ಕಾರು ಕಾರ್ಖಾನೆಗಳು ಒಂದೊಂದಾಗಿ ಸೊರಗುತ್ತಿದ್ದವು. ಆ ಊರಿನ ಈಶಾನ್ಯ ಭಾಗದ ಕೊನಾಂಟ್ ಗಾರ್ಡನ್ಸ್, ಕಪ್ಪು ಜನ ಸ್ವಂತ ಮನೆ ಕಟ್ಟಿಕೊಂಡು ಮರ್ಯಾದೆಯಿಂದ ಬಾಳಿದ ಬಡಾವಣೆ. ಜೇ ಡೀ, ಅಂದರೆ ಜೇಮ್ಸ್ ಡೆವಿಟ್ ಯಾನ್ಸಿ, ಹುಟ್ಟಿದ್ದು 1974ರ ಫೆಬ್ರವರಿ 7ರಂದು, ಬೆಳೆದದ್ದು ಆ ಬಡಾವಣೆಯಲ್ಲಿ. ತಂದೆ ಜಾಝ್ ಬೇಸ್ ವಾದಕ. ತಾಯಿ ಮೌರೀನ್ ಒಪೆರಾ ಶೈಲಿಯಲ್ಲಿ ಪಳಗಿದ ಗಾಯಕಿ; ಸಂಗೀತಲೋಕ ಇಂದು ಅವರನ್ನು ಮಾ ಡ್ಯೂಕ್ಸ್ ಎಂದು ಕರೆಯುತ್ತದೆ. ಪರ್ಶಿಂಗ್ ಪ್ರೌಢಶಾಲೆಯಲ್ಲಿ ಟಿ3, ಬಾಟಿನ್ ಎಂಬ ಗೆಳೆಯರು ಸಿಕ್ಕಿ, ಮೂವರ ಸ್ಲಂ ವಿಲೇಜ್ ತಂಡವಾಯಿತು.

ಹುಡುಗನಿಗೆ ಯಂತ್ರ ತೋರಿಸಿಕೊಟ್ಟವನು ಆಂಪ್ ಫಿಡ್ಲರ್. ಜಾರ್ಜ್ ಕ್ಲಿಂಟನ್‌ನ ಪಾರ್ಲಿಮೆಂಟ್-ಫಂಕಡೆಲಿಕ್ ಬಳಗದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಆಂಪ್, ನೆರೆಹೊರೆಯ ಹುಡುಗರಿಗೆ ತನ್ನ ಮನೆಯ ಬಾಗಿಲು ತೆರೆದಿಟ್ಟಿದ್ದ. ಅವನ ಎಂಪಿಸಿ-60ರ ಮುಂದೆ ಕೂತ ಜೇಮ್ಸ್‌ಗೆ ಅದು ಕೈಗೆ ಒಗ್ಗಲು ಹೆಚ್ಚು ದಿನ ಬೇಕಾಗಲಿಲ್ಲ. 1994ರ ಬೇಸಿಗೆಯಲ್ಲಿ ಲೊಲಾಪಲೂಜಾ ಸಂಗೀತೋತ್ಸವ ಊರಿಂದೂರಿಗೆ ತಿರುಗುತ್ತಿತ್ತು. ಕ್ಲಿಂಟನ್‌ನ ಬಳಗವೂ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡವೂ ಅದರಲ್ಲಿದ್ದವು. ಅದು ಡೆಟ್ರಾಯಿಟ್ ಕಡೆ ಬಂದಾಗ ಆಂಪ್ ತನ್ನ ಹುಡುಗನನ್ನು ಟ್ರೈಬ್‌ನ ಕ್ಯೂ-ಟಿಪ್‌ಗೆ ಪರಿಚಯಿಸಿದ. ಕೈಗೊಂದು ಕ್ಯಾಸೆಟ್ ಬಂತು. ಕ್ಯೂ-ಟಿಪ್ ಅದನ್ನು ತಾನು ಕೇಳಿ ಸುಮ್ಮನಾಗಲಿಲ್ಲ, ಸಿಕ್ಕವರಿಗೆಲ್ಲ ಕೇಳಿಸಿದ. ಫಾರ್ಸೈಡ್‌ನ ಆಲ್ಬಮ್ಮಿನ ಕೆಲಸ ಬಂದದ್ದು ಆ ದಾರಿಯಲ್ಲಿ. ಕ್ಯೂ-ಟಿಪ್, ಅಲಿ ಶಹೀದ್ ಮುಹಮ್ಮದ್ ಜೊತೆ ಸೇರಿ ಜೇ ಡೀ 'ದಿ ಉಮ್ಮಾ' ಎಂಬ ಹೆಸರಲ್ಲಿ ಟ್ರೈಬ್‌ನ 1996ರ ಆಲ್ಬಮ್ ಕಟ್ಟಿದ್ದೂ ಹಾಗೆಯೇ.

ಅವನು ಮಾಡುತ್ತಿದ್ದದ್ದಾದರೂ ಏನು? ಕ್ವಾಂಟೈಸ್ ಆಫ್ ಮಾಡಿ ಬೆರಳಿಗೆ ಬಂದಂತೆ ಬಡಿಯುತ್ತಿದ್ದ ಎಂಬುದು ಬಹುಕಾಲ ನಡೆದು ಬಂದ ನಂಬಿಕೆ. ಪತ್ರಕರ್ತ ಡ್ಯಾನ್ ಚಾರ್ನಸ್ 2022ರಲ್ಲಿ ಬರೆದ 'ಡಿಲ್ಲಾ ಟೈಮ್' ಪುಸ್ತಕ (ಡಿಲ್ಲಾ ಎಂಬುದು ಜೇ ಡೀ ಮುಂದೆ ಇಟ್ಟುಕೊಂಡ ಹೆಸರು) ಅದನ್ನು ತಿದ್ದಿತು. ಅದು ನಿರ್ಲಕ್ಷ್ಯವಲ್ಲ, ಲೆಕ್ಕ. ಹೈ-ಹ್ಯಾಟ್‌ನ ಚಿಕ್ ಚಿಕ್ ಸಮವಾಗಿ ನಡೆಯುತ್ತಿರುತ್ತದೆ. ಸ್ನೇರ್ ಬರಬೇಕಾದ್ದಕ್ಕಿಂತ ಒಂದೆರಡು ಭಾಗ ಮುಂಚೆ ಬರುತ್ತದೆ, ಬಾಗಿಲಲ್ಲೇ ಕಾದಿದ್ದವರ ಹಾಗೆ. ಕಿಕ್ ಹಿಂದೆ ಬೀಳುತ್ತದೆ. ಬೇಸ್ ಗಿಟಾರಿನ ಸ್ವರ ಅದಕ್ಕಿಂತ ಹಿಂದೆ. ಯಂತ್ರದೊಳಗಿನ ಸಮಯ ಸರಿಸುವ ಸೌಲಭ್ಯಗಳನ್ನೇ ಬಳಸಿ, ಒಂದೊಂದು ದನಿಗೂ ಅದರದೇ ಗಡಿಯಾರ ಕೊಡುತ್ತಿದ್ದ.

ನಮ್ಮ ಲಯದ ಭಾಷೆಯಲ್ಲಿ ಇದನ್ನು ಇನ್ನೂ ಚೆನ್ನಾಗಿ ಹೇಳಬಹುದು. ತಕಧಿಮಿ ತಕಧಿಮಿ ಎಂದು ಚತುರಶ್ರದಲ್ಲಿ ಒಂದು ವಾದ್ಯ, ಅದರ ಮೇಲೆಯೇ ತಕಿಟ ತಕಿಟ ಎಂದು ತಿಶ್ರದಲ್ಲಿ ಇನ್ನೊಂದು. ನಮ್ಮ ಮೃದಂಗ ವಿದ್ವಾಂಸರು ಇಂಥ ಘರ್ಷಣೆಯನ್ನು ಹುಟ್ಟಿಸಿ, ಲೆಕ್ಕ ಬೆಳೆಸಿ, ಮುಕ್ತಾಯ ಹಾಕಿ ಸಮಕ್ಕೆ ತಂದು ಬಿಡುತ್ತಾರೆ. ಸಭೆ ಉಸಿರು ಬಿಡುತ್ತದೆ. ಜೇ ಡೀ ಬಿಡುವುದಿಲ್ಲ. ಅವನ ಸಮನಡೆ ಪೂರ್ತಿ ಚತುರಶ್ರವಲ್ಲ, ತೂಗಾಟ ಪೂರ್ತಿ ತಿಶ್ರವೂ ಅಲ್ಲ. ಎರಡೂ ಒಂದನ್ನೊಂದು ಎಳೆಯುತ್ತ ಹಾಡಿನುದ್ದಕ್ಕೂ ಹಾಗೇ ಇರುತ್ತವೆ. ಕೇಳುವವರ ಕತ್ತು ತಾನಾಗಿ ಅಲ್ಲಾಡಲು ಶುರುವಾಗುವುದು ಆ ಎಳೆದಾಟಕ್ಕೆ. ಅತೀತ, ಅನಾಗತ ಎಂಬ ಎಡುಪುಗಳನ್ನು ಬಲ್ಲ ಕನ್ನಡದ ಸಂಗೀತ ರಸಿಕರಿಗೆ ಸ್ಲಂ ವಿಲೇಜ್‌ನ ಹಾಡುಗಳು ಅಪರಿಚಿತ ಎನಿಸಬೇಕಾಗಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಸ್ಲಂ ವಿಲೇಜ್‌ನ ಮೊದಲ ಧ್ವನಿಸುರುಳಿ 'ಫ್ಯಾಂಟಾಸ್ಟಿಕ್' ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಡೆಟ್ರಾಯಿಟ್‌ನ ನೆಲಮಾಳಿಗೆಯಲ್ಲಿ ತಯಾರಾದ ಅದರ ಪ್ರತಿಗಳು, ಪ್ರತಿಯ ಪ್ರತಿಗಳು, ಒಬ್ಬ ಸಂಗೀತಗಾರನಿಂದ ಇನ್ನೊಬ್ಬನಿಗೆ ದಾಟುತ್ತ ನ್ಯೂಯಾರ್ಕ್ ತಲುಪಿದವು. ತಲುಪಿದ ವಿಳಾಸಗಳಲ್ಲಿ ಒಂದು ಗ್ರೀನ್‌ವಿಚ್ ವಿಲೇಜಿನ ಎಂಟನೇ ಬೀದಿಯ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊ.

ಜಿಮಿ ಹೆಂಡ್ರಿಕ್ಸ್ ತನಗಾಗಿ ಕಟ್ಟಿಸಿಕೊಂಡ ಸ್ಟುಡಿಯೊ ಅದು. 1970ರ ಆಗಸ್ಟ್‌ನಲ್ಲಿ ತೆರೆಯಿತು. ಮರು ತಿಂಗಳೇ ಅವನು ತೀರಿಕೊಂಡ. ಆಮೇಲೆ ಸ್ಟೀವಿ ವಂಡರ್ ಎಪ್ಪತ್ತರ ದಶಕದ ಮೊದಲಲ್ಲಿ ಅಲ್ಲಿ ಕೂತು ಆಲ್ಬಮ್‌ಗಳನ್ನು ಮಾಡಿದ. ತೊಂಬತ್ತರ ದಶಕದ ಕೊನೆಗೆ ಅದನ್ನು ಹುಡುಕಿಕೊಂಡು ಬಂದವನು ವರ್ಜಿನಿಯಾದ ಗಾಯಕ ಡಿ'ಆಂಜೆಲೊ. 1995ರ 'ಬ್ರೌನ್ ಶುಗರ್' ಅವನಿಗೆ ಹೆಸರು ತಂದಿತ್ತು. ಎರಡನೆಯ ಆಲ್ಬಮ್ಮಿಗೆ ಅವನು ಯಾವ ಅವಸರವನ್ನೂ ಒಪ್ಪಲಿಲ್ಲ. ಕ್ವೆಸ್ಟ್‌ಲವ್ ಡ್ರಮ್ಸ್‌ಗೆ ಕೂತ. ಕೀಬೋರ್ಡ್‌ಗೆ ಫಿಲಡೆಲ್ಫಿಯಾದ ಜೇಮ್ಸ್ ಪಾಯ್ಸರ್. ಟ್ರಂಪೆಟ್‌ಗೆ ರಾಯ್ ಹಾರ್ಗ್ರೋವ್. ಬೇಸ್‌ಗೆ ವೇಲ್ಸ್‌ನ ಪೀನೊ ಪಲಡೀನೊ, ಎಂಬತ್ತರ ದಶಕದ ಬ್ರಿಟಿಷ್ ಪಾಪ್ ಹಾಡುಗಳಲ್ಲಿ ಪಳಗಿದ ಕೈ. ಬಿ.ಬಿ. ಕಿಂಗ್‌ನ ಒಂದು ಧ್ವನಿಮುದ್ರಣದಲ್ಲಿ ಸಿಕ್ಕ ಅವನನ್ನು ಡಿ'ಆಂಜೆಲೊ ಬಿಡಲೇ ಇಲ್ಲ. ಎಂಜಿನಿಯರ್ ರಸೆಲ್ ಎಲೆವಾಡೊ ಎಲ್ಲವನ್ನೂ ಟೇಪಿಗೇ ಹಿಡಿಯುತ್ತಿದ್ದ.

ದಿನಚರಿ ವಿಚಿತ್ರವಾಗಿತ್ತು. ಸಂಜೆ ಸೇರಿದ ಮೇಲೆ ಮೊದಲು ಹಳೆಯ ಸಂಗೀತ ಕಾರ್ಯಕ್ರಮಗಳ ವಿಡಿಯೊ. ಪ್ರಿನ್ಸ್, ಜೇಮ್ಸ್ ಬ್ರೌನ್, ಸೋಲ್ ಟ್ರೇನ್. ಆಮೇಲೆ ಯಾರದೋ ಹಳೆಯ ಆಲ್ಬಮ್ಮನ್ನು ನುಡಿಸುತ್ತ ಹೋಗುವುದು. ಎಲ್ಲೋ ಒಂದು ಕಡೆ ಕೈತಪ್ಪಿ ಹೊಸದೊಂದು ಹುಟ್ಟಿದರೆ ಅದೇ ಹಾಡು. ಇದರ ನಡುವೆ ಡೆಟ್ರಾಯಿಟ್‌ನಿಂದ ಜೇ ಡೀಯ ಹೊಸ ಬೀಟ್‌ಗಳ ಟೇಪ್ ಬಂದರೆ ಕೆಲಸವೆಲ್ಲ ನಿಂತು, ಎಲ್ಲರೂ ಸ್ಪೀಕರ್ ಮುಂದೆ.

ಕ್ವೆಸ್ಟ್‌ಲವ್‌ಗೆ ನಿಜವಾದ ಅಗ್ನಿಪರೀಕ್ಷೆ ಎದುರಾದದ್ದು ಇಲ್ಲಿ. ಟೇಪಿನಲ್ಲಿ ಕೇಳಿ ಮೆಚ್ಚುವುದು ಬೇರೆ, ಕಾಲಿನಿಂದ ನುಡಿಸುವುದು ಬೇರೆ. ಡಿ'ಆಂಜೆಲೊ ಅವನಿಗೆ ಕೇಳಿದ್ದು ಒಂದೇ: ಹಿಂದೆ ಬೀಳು, ಇನ್ನೂ ಹಿಂದೆ. ಮೆಟ್ರೊನೋಮ್‌ನಂತೆ ನುಡಿಸಲು ಇಡೀ ಯೌವನ ಸವೆಸಿದವನಿಗೆ ಇದು ಹಿಂಸೆ. ಉಳಿದ ಡ್ರಮ್ಮರ್‌ಗಳು ಕೇಳಿದರೆ ಇವನಿಗೆ ತಾಳಜ್ಞಾನವೇ ಇಲ್ಲ ಎಂದುಕೊಳ್ಳುತ್ತಾರೆ ಎಂಬ ಅಂಜಿಕೆಯನ್ನು ಆತ ಮುಚ್ಚಿಟ್ಟಿಲ್ಲ. ತಾಳ ತಪ್ಪುವುದಕ್ಕೂ ತಾಳವನ್ನು ಎಳೆಯುವುದಕ್ಕೂ ಇರುವ ವ್ಯತ್ಯಾಸ ಆ ಸ್ಟುಡಿಯೊದಲ್ಲಿ ತಿಂಗಳುಗಟ್ಟಲೆ ತಿದ್ದಿ ತೀಡಿ ಸಿದ್ಧವಾಯಿತು. ತಪ್ಪುವವನಿಗೆ ಗೆರೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಎಳೆಯುವವನಿಗೆ ಅದು ನಿಖರವಾಗಿ ಗೊತ್ತು. ಪ್ರತಿ ಸುತ್ತಿನಲ್ಲೂ ಅಷ್ಟೇ ದೂರದಲ್ಲಿ ನಿಂತು ಅದನ್ನು ಮುಟ್ಟದೆ ಇರುತ್ತಾನೆ. ವರ್ಷಗಳ ಯಾಂತ್ರಿಕ ಸಾಧನೆ ಕ್ವೆಸ್ಟ್‌ಲವ್‌ನ ಕೈಬಿಡಲಿಲ್ಲ. ಆ ಬಿಗಿ ಇಲ್ಲದಿದ್ದರೆ ಈ ಸಡಿಲ ಅವನಿಗೆ ದಕ್ಕುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

'ವೂಡೂ' 2000ದ ಜನವರಿ 25ರಂದು ಬಂತು. ಅದರ ಮೊದಲ ಹಾಡು 'ಪ್ಲೇಯಾ ಪ್ಲೇಯಾ' ಹಾಕಿ ಬೇಸ್ ಗಿಟಾರನ್ನಷ್ಟೇ ಹಿಂಬಾಲಿಸಿ. ಡ್ರಮ್ಸ್ ಮುಂದೆ ಹೋಗಿರುತ್ತದೆ, ಪಲಡೀನೊನ ಸ್ವರ ನಿದ್ದೆಗಣ್ಣಲ್ಲಿ ಎದ್ದು ಬರುತ್ತದೆ, ಆದರೂ ಹಾಡು ಕುಸಿಯುವುದಿಲ್ಲ. ಆಲ್ಬಮ್ಮಿನ ತಯಾರಕರ ಪಟ್ಟಿಯಲ್ಲಿ ಹಿಪ್ ಹಾಪ್‌ನ ಇನ್ನೊಬ್ಬ ದಿಗ್ಗಜ ಡಿಜೆ ಪ್ರೀಮಿಯರ್ ಹೆಸರಿದೆ. 'ಡೆವಿಲ್ಸ್ ಪೈ' ಅವನು ಕಟ್ಟಿದ ಬೀಟ್. ಜೇ ಡೀಯ ನೆರಳು ಮಾತ್ರ ಹೆಸರಿನ ಹಂಗಿಲ್ಲದೆ ಎಲ್ಲ ಹಾಡುಗಳ ಮೇಲೂ ಬಿದ್ದಿದೆ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಮ್ ನೇರ ಮೊದಲ ಸ್ಥಾನಕ್ಕೆ ಹೋಯಿತು. ಮರುವರ್ಷ ಗ್ರ್ಯಾಮಿ ಬಂತು.

ಆ ಕಟ್ಟಡದಲ್ಲಿ ಆಗ ನಡೆಯುತ್ತಿದ್ದದ್ದು ಇದೊಂದೇ ಕೆಲಸವಲ್ಲ. ರೂಟ್ಸ್‌ನ 'ಥಿಂಗ್ಸ್ ಫಾಲ್ ಅಪಾರ್ಟ್' (1999), ಶಿಕಾಗೊದ ರ‍್ಯಾಪರ್ ಕಾಮನ್‌ನ 'ಲೈಕ್ ವಾಟರ್ ಫಾರ್ ಚಾಕೊಲೇಟ್' (2000), ಎರಿಕಾ ಬಾಡುವಿನ 'ಮಾಮಾಸ್ ಗನ್' (2000) ಎಲ್ಲವೂ ಹೆಚ್ಚುಕಡಿಮೆ ಅದೇ ಬಳಗದ, ಅದೇ ಕೋಣೆಗಳ ಕೂಸು. ಕ್ವೆಸ್ಟ್‌ಲವ್, ಡಿ'ಆಂಜೆಲೊ, ಪಾಯ್ಸರ್, ಜೇ ಡೀ ನಾಲ್ವರೂ ಕುಂಭ ರಾಶಿಯವರು. ಇಂಗ್ಲಿಷಿನಲ್ಲಿ ಆ ರಾಶಿಯ ಹೆಸರಿಗೆ ಸೋಲ್ ಸೇರಿಸಿ ಸೋಲ್‌ಕ್ವೇರಿಯನ್ಸ್ ಎಂದು ತಮ್ಮನ್ನು ಕರೆದುಕೊಂಡರು. 'ಥಿಂಗ್ಸ್ ಫಾಲ್ ಅಪಾರ್ಟ್' ಹೆಸರು ಚಿನುವಾ ಅಚೆಬೆಯ ಕಾದಂಬರಿಯದು. ರೂಟ್ಸ್ ತಂಡವನ್ನು ದೊಡ್ಡ ಜನಸಮೂಹಕ್ಕೆ ಮುಟ್ಟಿಸಿದ ಈ ಆಲ್ಬಮ್ಮಿನ 'ಡೈನಮೈಟ್' ಹಾಡಿನ ಬೀಟ್ ಜೇ ಡೀಯದು. ಐದು ವರ್ಷದ ಹಿಂದಿನ ಬಿಗಿಮುಷ್ಟಿಯ ತಂಡವೇ ಇದು ಎಂದು ನಂಬುವುದು ಕಷ್ಟ. ಡ್ರಮ್ಸ್ ಈಗ ಭುಜ ಇಳಿಬಿಟ್ಟು ನಡೆಯುತ್ತದೆ. ಬ್ಲ್ಯಾಕ್ ಥಾಟ್‌ಗೂ ಮಾತಿನ ನಡುವೆ ಹೊಸ ಜಾಗಗಳು ಸಿಕ್ಕಿವೆ. ಲೂಪ್ ಜೊತೆ ಪೈಪೋಟಿಗೆ ನಿಂತಿದ್ದ ತಂಡ, ಲೂಪ್ ಕಟ್ಟುವವನ ಶಿಷ್ಯವೃತ್ತಿ ಮಾಡಿ ತನ್ನ ದನಿ ಪಡೆಯಿತು.

ಈ ಬಳಗಕ್ಕೆ ಡೆಟ್ರಾಯಿಟ್ ಯಾತ್ರೆ ಒಂದು ಕಡ್ಡಾಯ. ಎರಿಕಾ ಬಾಡು ಹೋದಾಗಿನ ಪ್ರಸಂಗವನ್ನು ಆಕೆಯೇ ಹೇಳಿಕೊಂಡಿದ್ದಾಳೆ. ನೆಲಮಾಳಿಗೆಯಲ್ಲಿ ಗೋಡೆ ತುಂಬ ರೆಕಾರ್ಡುಗಳು. ನಿನಗೆ ಬೇಕಾದ್ದನ್ನು ಆರಿಸು ಎಂದ ಜೇ ಡೀ. ಆಕೆಯ ಕೈಗೆ ಬಂದದ್ದು ಟರೀಕಾ ಬ್ಲೂ ಎಂಬ, ಹೆಚ್ಚು ಜನ ಕೇಳಿರದ ಎಪ್ಪತ್ತರ ದಶಕದ ಜಾಝ್ ತಂಡದ ರೆಕಾರ್ಡ್. ಸೂಜಿ ಇಟ್ಟು ಒಂದು ತುಣುಕು ಆರಿಸಿದರು. 'ಡಿಡ್ಂಟ್ ಚಾ ನೋ' ಹುಟ್ಟಿದ್ದು ಹಾಗೆ. ಬೀಟ್‌ಗಾರ ತಾನು ಮಾಡಿಟ್ಟ ಸರಕನ್ನು ಮಾರಿ ಕೈತೊಳೆದುಕೊಳ್ಳುವ ಕಾಲದಲ್ಲಿ, ಗಾಯಕಿಯ ಕೈಯಿಂದಲೇ ಮೊದಲ ಇಟ್ಟಿಗೆ ಇಡಿಸಿದ ಆ ಸೌಜನ್ಯ ನನಗೆ ಅವನ ಲಯದಷ್ಟೇ ದೊಡ್ಡದಾಗಿ ಕಾಣುತ್ತದೆ.

2001ರಲ್ಲಿ ಅವನು ಹೆಸರು ಬದಲಿಸಿಕೊಂಡ. ಜೆರ್ಮೇನ್ ಡುಪ್ರಿ ಎಂಬ ಇನ್ನೊಬ್ಬ ತಯಾರಕನೂ ಜೆ.ಡಿ. ಎಂದೇ ಹೆಸರಾಗಿದ್ದರಿಂದ ಗೊಂದಲ ಬೇಡವೆಂದು ಜೆ ಡಿಲ್ಲಾ ಆದ. ಮರುವರ್ಷದ ಮೊದಲಲ್ಲೇ ಕಾಯಿಲೆ ಬಯಲಾಯಿತು. ಟಿಟಿಪಿ ಎಂಬ ಅಪರೂಪದ ರಕ್ತರೋಗ, ಜೊತೆಗೆ ಲೂಪಸ್. 2004ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಕಾಮನ್ ಜೊತೆ ಮನೆ ಹಂಚಿಕೊಂಡ. ಆಸ್ಪತ್ರೆ, ಡಯಾಲಿಸಿಸ್, ಮತ್ತೆ ಆಸ್ಪತ್ರೆ. ತಾಯಿ ಡೆಟ್ರಾಯಿಟ್ ಬಿಟ್ಟು ಬಂದು ಜೊತೆಗಿದ್ದರು. 2005ರ ಕೊನೆಯಲ್ಲಿ ಗಾಲಿಕುರ್ಚಿಯಲ್ಲೇ ಯುರೋಪ್ ಪ್ರವಾಸ ಮಾಡಿದ.

ಅವನ 'ಡೋನಟ್ಸ್' ಆಲ್ಬಮ್ 2006ರ ಫೆಬ್ರವರಿ 7ರಂದು, ಅವನು ಮೂವತ್ತೆರಡು ತುಂಬಿದ ದಿನ ಬಂತು. ಮೂರು ದಿನಕ್ಕೆ, ಫೆಬ್ರವರಿ 10ರಂದು, ಅವನು ತೀರಿಕೊಂಡ. ಒಂದೊಂದು ನಿಮಿಷದ ಆಸುಪಾಸಿನ 31 ತುಣುಕುಗಳ ಆ ಆಲ್ಬಮ್ಮನ್ನು ಪೂರ್ತಿ ಆಸ್ಪತ್ರೆಯ ಹಾಸಿಗೆಯಲ್ಲೇ ಮಾಡಿದ ಎಂಬ ಕತೆ ಜಗತ್ತಿನೆಲ್ಲೆಡೆ ಹಬ್ಬಿದೆ. ಚಾರ್ನಸ್ ವಿಚಾರಿಸಿ ನೋಡಿದಾಗ ಅದರ ಬಹುಪಾಲು ಅವನು ಮೊದಲೇ ಮಾಡಿಟ್ಟಿದ್ದ ಬೀಟ್‌ಗಳೆಂದು ಗೊತ್ತಾಯಿತು. ಮರಣಶಯ್ಯೆಯ ಕತೆಗೆ ಜೋತುಬೀಳುವುದರಿಂದ ಅವನಿಗೆ ಅನ್ಯಾಯವಾಗುತ್ತದೆ. ಆರೋಗ್ಯವಾಗಿದ್ದಾಗಲೂ ಅವನು ಹೀಗೇ ಕೆಲಸ ಮಾಡುತ್ತಿದ್ದ, ದಿನವೂ, ಒಂದರ ಹಿಂದೊಂದು.

ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ರೂಟ್ಸ್‌ನ 'ಗೇಮ್ ಥಿಯರಿ' ಆರಂಭವಾಗುವುದು ಡಿಲ್ಲಾ ನಮನದಿಂದ, ಮುಗಿಯುವುದು 'ಡೋನಟ್ಸ್'ನ ಒಂದು ಬೀಟ್ ಮೇಲೆ. 2009ರಲ್ಲಿ ರೂಟ್ಸ್ ಜಿಮ್ಮಿ ಫಾಲನ್‌ನ ರಾತ್ರಿ ಕಾರ್ಯಕ್ರಮದ ಖಾಯಂ ವಾದ್ಯವೃಂದವಾಯಿತು. ಫಿಲಡೆಲ್ಫಿಯಾದ ಬೀದಿಯಲ್ಲಿ ಶುರುವಾಗಿ ಡೆಟ್ರಾಯಿಟ್‌ನ ನೆಲಮಾಳಿಗೆಯಲ್ಲಿ ತಿದ್ದಿಸಿಕೊಂಡ ಲಯ ಅಮೆರಿಕದ ಮನೆಮನೆಯ ಟಿವಿಗೆ ಬಂತು.

ಅಷ್ಟರಲ್ಲಿ ಜಾಝ್ ಲೋಕದಲ್ಲಿ ಇನ್ನೊಂದು ಕವಲು ಒಡೆದಿತ್ತು. ಹ್ಯೂಸ್ಟನ್‌ನ ಪಿಯಾನೊ ವಾದಕ ರಾಬರ್ಟ್ ಗ್ಲಾಸ್ಪರ್ ನ್ಯೂಯಾರ್ಕಿನ ಸಂಗೀತ ಕಾಲೇಜಿನಲ್ಲಿ ಓದುವಾಗ ಗಾಯಕ ಬಿಲಾಲ್‌ನ ಸಹಪಾಠಿ. ಬಿಲಾಲ್ ಜೊತೆ ಡೆಟ್ರಾಯಿಟ್‌ಗೆ ಹೋಗಿ ಡಿಲ್ಲಾ ಬೀಟ್ ಕಟ್ಟುವುದನ್ನು ಕಣ್ಣಾರೆ ಕಂಡವನು. 2007ರ 'ಇನ್ ಮೈ ಎಲಿಮೆಂಟ್'ನಲ್ಲಿ ಡಿಲ್ಲಾನ ಬೀಟ್‌ಗಳನ್ನೇ ಪೋಣಿಸಿ ಪಿಯಾನೊ, ಬೇಸ್, ಡ್ರಮ್ಸ್‌ಗೆ ಒಂದು ರಚನೆ ಮಾಡಿದ. ಹಿಪ್ ಹಾಪ್‌ನವರು ಸುಮಾರು ಇಪ್ಪತ್ತು ವರ್ಷ ಜಾಝ್ ರೆಕಾರ್ಡುಗಳಿಂದ ತುಣುಕು ಕತ್ತರಿಸಿದ್ದರು. ಜಾಝ್‌ನವರು ಹಿಪ್ ಹಾಪ್ ತುಣುಕನ್ನು ಮೂಲಕೃತಿಯಂತೆ ಎದುರಿಗಿಟ್ಟುಕೊಂಡು ಮನೋಧರ್ಮ ಬೆಳೆಸಿದ್ದು ಇಲ್ಲಿ. ಅವನ ಎಕ್ಸ್‌ಪೆರಿಮೆಂಟ್ ತಂಡದ 'ಬ್ಲ್ಯಾಕ್ ರೇಡಿಯೊ' (2012) ಗ್ರ್ಯಾಮಿ ಪಡೆಯಿತು. ಅದರ ಡ್ರಮ್ಮರ್ ಕ್ರಿಸ್ ಡೇವ್ ಕ್ವೆಸ್ಟ್‌ಲವ್‌ಗಿಂತಲೂ ಒಂದು ಹೆಜ್ಜೆ ಮುಂದೆ ಹೋದ. ಲೂಪ್ ತುಂಡಾಗಿ ಮತ್ತೆ ಮೊದಲಿಂದ ಶುರುವಾಗುವುದು, ಸಿಡಿ ಗೀಚಿ ಹಾರಿದಂತೆ ಒಂದು ಪೆಟ್ಟು ನಾಪತ್ತೆಯಾಗುವುದು, ಇಂಥವನ್ನೆಲ್ಲ ಎರಡು ಕೈ ಎರಡು ಕಾಲಿನಲ್ಲಿ ನುಡಿಸಿ ತೋರಿಸಿದ.

ಆಮೇಲೆ ಹರಡಿದ್ದು ಬೇಗ. 2009ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಿಗೆಲ್ ಅಟ್ವುಡ್-ಫರ್ಗ್ಯುಸನ್ ಡಿಲ್ಲಾನ ರಚನೆಗಳನ್ನು ಒಂದು ದೊಡ್ಡ ಆರ್ಕೆಸ್ಟ್ರಾಕ್ಕೆ ಬರೆದು, ಅದಕ್ಕೆ ಅವನ ತಾಯಿಯ ಹೆಸರಿಟ್ಟು ನುಡಿಸಿದ. ಮೆಲ್ಬರ್ನ್‌ನ ಹಯಾಟಸ್ ಕಯೋಟಿ ತಂಡದ ಹಾಡುಗಳಲ್ಲಿ ಆ ಎಳೆದಾಟ ಹುಟ್ಟುಗುಣದಂತೆ ಇದೆ. ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಜೆ ಡಿಲ್ಲಾ ಹೆಸರಿನ ವಿದ್ಯಾರ್ಥಿ ವಾದ್ಯವೃಂದವೇ ಇದೆ. ಅವನ ಎಂಪಿಸಿ-3000 ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸ ಸಂಗ್ರಹಾಲಯಕ್ಕೆ ಸೇರಿದೆ. ಕೊಟ್ಟವರು ಮಾ ಡ್ಯೂಕ್ಸ್. ಹಾಗೆಂದು ಎಲ್ಲ ಅನುಕರಣೆಯೂ ಚೆನ್ನಾಗಿಲ್ಲ. ಕಿಕ್ ಹಿಂದೆ ತಳ್ಳಿ, ಹಳೆಯ ರೆಕಾರ್ಡಿನ ಸರಸರ ಸದ್ದು ಸೇರಿಸಿ, ಇದೇ ಡಿಲ್ಲಾ ಎಂದು ರಾಶಿ ಹಾಕಿದ ಸಂಗೀತ ಬೇಕಾದಷ್ಟಿದೆ. ಅಂತರ ಇದೆ, ಆದರೆ ಒಂದು ದನಿ ಇನ್ನೊಂದನ್ನು ಎಳೆಯುವ ಸೆಳೆತ ಅಲ್ಲಿಲ್ಲ. ನಿಧಾನವೇ ಗುಟ್ಟು ಎಂದುಕೊಂಡವರು ಸ್ನೇರ್ ಮುಂಚೆ ಬರುವುದನ್ನು ಗಮನಿಸಲೇ ಇಲ್ಲ.

ಡಿ'ಆಂಜೆಲೊ 'ವೂಡೂ' ಆದ ಮೇಲೆ ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹೊಸ ಆಲ್ಬಮ್ ಕೊಡಲಿಲ್ಲ. 2014ರ ಡಿಸೆಂಬರ್‌ನಲ್ಲಿ 'ಬ್ಲ್ಯಾಕ್ ಮೆಸಾಯ' ಬಂತು. ಅದೇ ಅವನ ಕೊನೆಯದೂ ಆಯಿತು, 2025ರ ಅಕ್ಟೋಬರ್‌ನಲ್ಲಿ ಐವತ್ತೊಂದನೆಯ ವಯಸ್ಸಿಗೆ ಅವನು ತೀರಿಕೊಂಡ. ಅದರಲ್ಲಿ ಬೇಸ್ ಪಲಡೀನೊನದು. ಡ್ರಮ್ಸ್ ಹಂಚಿಕೊಂಡವರಲ್ಲಿ ಕ್ವೆಸ್ಟ್‌ಲವ್ ಇದ್ದಾನೆ, ಕ್ರಿಸ್ ಡೇವ್ ಇದ್ದಾನೆ, ಎಪ್ಪತ್ತರ ದಶಕದಲ್ಲಿ ಬಿಲ್ ವಿದರ್ಸ್‌ಗೆ ನುಡಿಸಿದ ಜೇಮ್ಸ್ ಗ್ಯಾಡ್ಸನ್ ಇದ್ದಾನೆ. ಗ್ಯಾಡ್ಸನ್ ಪೀಳಿಗೆಯವರು ನುಡಿಸಿದ ರೆಕಾರ್ಡುಗಳನ್ನೇ ಡಿಲ್ಲಾ ತನ್ನ ಯಂತ್ರಕ್ಕೆ ಉಣಿಸಿದ್ದು. 'ಶುಗಾ ಡ್ಯಾಡಿ'ಯಲ್ಲಿ ಆ ಹಿರಿಯನ ಕೈ ಇದೆ. ಬೇರೆ ಹಾಡುಗಳಲ್ಲಿ ಉಳಿದವರ ಪೈಕಿ ಯಾರ ಕಾಲು ಎಲ್ಲಿ ಬಿತ್ತು ಎಂದು ಪತ್ತೆ ಹಚ್ಚಲು ನಾನು ಈಗಲೂ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಕ್ವೆಸ್ಟ್‌ಲವ್‌ನದು ಬಹುಮಟ್ಟಿಗೆ ಸಿಗುತ್ತದೆ, ಸ್ನೇರ್‌ನ ಒಣ ಪಟ್ಟಿನಿಂದ.